ಏಕಾದಶಿ ಮಾಡೋಕೆ ಹೋಗಿ ದ್ವಾದಶಿ ಕಲಿತೆ

ನಾನು ಏಕಾದಶಿ ಹಿಡಿದು ಆರು ವರ್ಷ ಆಯ್ತು. ತವರಲ್ಲಿ ಏಕಾದಶಿ ಅಂದ್ರೆ ಅನ್ನ ಬಿಟ್ಟು ಉಪ್ಪಿಟ್ಟು ಇಲ್ಲಾ ಅವಲಕ್ಕಿ ತಿನ್ನೋದು ಅಷ್ಟೇ, ಮದುವೆ ಆಗಿ ತ್ಯಾಗರಾಜನಗರಕ್ಕೆ ಬಂದ್ಮೇಲೆ ನಮ್ಮತ್ತೆ ತೊಟ್ಟು ನೀರೂ ಮುಟ್ಟದೆ ಇಡೀ ದಿನ ಇರೋದು ನೋಡಿ ಗಾಬರಿನೇ ಆಗಿತ್ತು. ನೀನೂ ಮಾಡು ಅಂತ ಅವರು ಒಂದು ದಿನಾನೂ ಹೇಳ್ಲಿಲ್ಲ, ನೋಡ್ತಾ ನೋಡ್ತಾ ನನಗೇ ಮಾಡ್ಬೇಕು ಅನ್ನಿಸ್ತು.

ಮೊದಲ ಸಲ ಮಾಡಿದ ತಪ್ಪು ದಶಮಿ ರಾತ್ರಿದು. ನಾಳೆ ಏನೂ ತಿನ್ನೋ ಹಾಗಿಲ್ವಲ್ಲ ಅಂತ ಹೊಟ್ಟೆ ಬಿರಿಯೋ ಹಾಗೆ ಊಟ ಮಾಡಿ ಮಲಗಿದೆ, ಬೆಳಗ್ಗೆ ಎದ್ದಾಗ ಬಾಯಾರಿಕೆ, ಹೊಟ್ಟೆ ಭಾರ, ಹನ್ನೊಂದು ಗಂಟೆಗೆ ಕಾಫಿ ಇಲ್ಲದ ತಲೆನೋವು ಶುರು ಆಗಿದ್ದು ಸಂಜೆ ಆಫೀಸಿಂದ ಬಸ್ಸಲ್ಲಿ ವಾಪಸ್ ಬರೋವಾಗ ಕಣ್ಣು ಬಿಡೋಕೂ ಆಗ್ತಿರ್ಲಿಲ್ಲ. ದಶಮಿ ದಿನ ಒಂದೇ ಹೊತ್ತು ಊಟ ಅನ್ನೋ ನಿಯಮ ಯಾಕಿದೆ ಅಂತ ಅವತ್ತು ಮೈಗೇ ಗೊತ್ತಾಯ್ತು. ಈಗ ಮಧ್ಯಾಹ್ನದ ಊಟ ಆದ್ರೆ ಮುಗೀತು, ಕಾಫಿನ ನವಮಿಯಿಂದಲೇ ಅರ್ಧ ಲೋಟಕ್ಕೆ ಇಳಿಸ್ತೀನಿ, ತಲೆನೋವು ಬರೋದು ನಿಂತೇ ಹೋಗಿದೆ. ದ್ವಾದಶಿ ದಿನ ತುಳಸಿ ಕೀಳಬಾರ್ದು, ಅದಕ್ಕೆ ಬೇಕಾದಷ್ಟು ಮುಂಚೆನೇ ಬಿಡಿಸಿ ಇಟ್ಕೋತೀನಿ.

ಏಕಾದಶಿ ಅಂದ್ರೆ ಹನ್ನೊಂದು. ಜ್ಞಾನೇಂದ್ರಿಯ ಐದು, ಕರ್ಮೇಂದ್ರಿಯ ಐದು, ಹನ್ನೊಂದನೇದು ಮನಸ್ಸು ಅಂತ ಹಿರಿಯರು ಹೇಳ್ತಾರೆ, ಈ ಹನ್ನೊಂದನ್ನೂ ಒಂದು ದಿನ ಹರಿ ಕಡೆ ತಿರುಗಿಸ್ಬೇಕು. ಹೊಟ್ಟೆ ಮಧ್ಯಾಹ್ನದ ಹೊತ್ತಿಗೆ ಸುಮ್ಮನಾಗತ್ತೆ, ಮನಸ್ಸು ಆಗಲ್ಲ. ಊಟ ಬಿಟ್ಟಿದೀನಿ ಅಂದ್ಕೊಂಡು ಫೋನಲ್ಲಿ ಅಡುಗೆ ವಿಡಿಯೋ ನೋಡ್ತಾ ಕೂತಿದ್ದೆ ಒಂದು ಸಲ, ಅದು ಉಪವಾಸ ಹೇಗಾಗತ್ತೆ ಹೇಳಿ. ಈಗ ಸಂಜೆ ಮಠಕ್ಕೆ ಹೋಗಿ ಪ್ರವಚನ ಕೇಳ್ತೀನಿ, ಆಗದಿದ್ರೆ ಮನೇಲೇ ವಿಷ್ಣು ಸಹಸ್ರನಾಮ.

ಇನ್ನು ಯಾವತ್ತು ಮಾಡ್ಬೇಕು ಅನ್ನೋದು. ವರ್ಷಕ್ಕೆ 24 ಏಕಾದಶಿ, ಅಧಿಕ ಮಾಸ ಬಂದ್ರೆ 26, 2023ರಲ್ಲಿ ಶ್ರಾವಣ ಅಧಿಕ ಬಂದಿತ್ತಲ್ಲ ಆಗ ಹಾಗೇ ಆಯ್ತು. ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಒಂದು ದಿನ ಇರತ್ತೆ, ಅತ್ತೆ "ನಮಗೆ ನಾಳೆ ಕಣೇ" ಅಂತಾರೆ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ, ಅಂದ್ರೆ 96 ನಿಮಿಷ ಮುಂಚೆ, ಅರುಣೋದಯ ಶುರು ಆಗತ್ತೆ, ಆ ಹೊತ್ತಲ್ಲಿ ದಶಮಿ ಇನ್ನೂ ಉಳಿದಿದ್ರೆ ಆ ದಿನ ವೈಷ್ಣವರು ಉಪವಾಸ ಮಾಡಲ್ಲ, ಮಾರನೇ ದಿನಕ್ಕೆ ಹೋಗತ್ತೆ. ಅದಕ್ಕೇ ನಾನು ಮಠದ ಪಂಚಾಂಗ ಒಂದನ್ನೇ ನೋಡೋದು.

ಆದ್ರೆ ನನಗೆ ನಿಜವಾಗ್ಲೂ ಪಾಠ ಆಗಿದ್ದು ದ್ವಾದಶಿ ದಿನ. ಮೂರನೇ ವರ್ಷ ಇರ್ಬೇಕು, ಆಫೀಸಲ್ಲಿ ತಿಂಗಳ ಕೊನೆಯ ಲೆಕ್ಕ, ಬೆಳಗ್ಗೆ ಆರಕ್ಕೇ ಹೊರಟೆ, ಉಪವಾಸ ಆಯ್ತಲ್ಲ ಕ್ಯಾಂಟೀನಲ್ಲಿ ತಿಂದ್ರಾಯ್ತು ಅಂತ. ಉಪವಾಸ ಬಿಡೋದಕ್ಕೆ ಪಾರಣೆ ಅಂತಾರೆ, ಅದು ದ್ವಾದಶಿ ತಿಥಿ ಮುಗಿಯೋದ್ರೊಳಗೇ ಆಗ್ಬೇಕು. ನಾನು ತಿಂದಿದ್ದು ಹತ್ತೂವರೆಗೆ, ತಿಥಿ ಎಂಟರ ಒಳಗೇ ಮುಗಿದಿತ್ತು. ಸಂಜೆ ಅತ್ತೆ ಬೈಲಿಲ್ಲ, ಅಂಬರೀಷನ ಕಥೆ ಹೇಳಿದ್ರು. ದೂರ್ವಾಸರು ಯಮುನೆಗೆ ಸ್ನಾನಕ್ಕೆ ಹೋದವರು ಬರಲೇ ಇಲ್ಲ, ದ್ವಾದಶಿ ಇನ್ನು ಅರ್ಧ ಮುಹೂರ್ತ, ಅಂದ್ರೆ 24 ನಿಮಿಷ ಉಳಿದಿದೆ, ಅತಿಥಿನ ಬಿಟ್ಟು ಉಣ್ಣೋ ಹಾಗಿಲ್ಲ, ಪಾರಣೆ ಬಿಡೋ ಹಾಗೂ ಇಲ್ಲ, ಆಗ ರಾಜ ಬರೀ ನೀರು ಕುಡಿದು ವ್ರತ ಉಳಿಸ್ಕೊಂಡ. "ನೀನೂ ಒಂದು ಉದ್ಧರಣೆ ತೀರ್ಥ ತಗೊಂಡು ಹೋಗಿದ್ರೆ ಸಾಕಿತ್ತಲ್ಲ ಕಣಮ್ಮ" ಅಂದ್ರು. ನನಗೆ ಅಳು ಬಂತು. ಹಿಂದಿನ ದಿನ ಪೂರ್ತಿ ಹಸಿದಿದ್ದೆ, ಮಾರನೇ ದಿನ ಒಂದು ಗುಟುಕಿನ ಹೊತ್ತು ತಪ್ಪಿಸಿದ್ದೆ.

ಆವತ್ತಿಂದ ಫೋನಲ್ಲಿ ಎರಡು ಅಲಾರಂ ಇಡ್ತೀನಿ. ದ್ವಾದಶಿಯ ಮೊದಲ ಕಾಲು ಭಾಗ ಹರಿವಾಸರ, ಅದು ಮುಗಿಯೋ ತನಕ ಪಾರಣೆ ಮಾಡೋ ಹಾಗಿಲ್ಲ, ಅದಕ್ಕೊಂದು, ತಿಥಿ ಮುಗಿಯೋದಕ್ಕೊಂದು. ದ್ವಾದಶಿ ತೀರಾ ಕಮ್ಮಿ ಇದ್ರೆ ಸಾಧನ ದ್ವಾದಶಿ ಅಂತಾರೆ, ಆಗಂತೂ ಕತ್ತಲಲ್ಲೇ ಎದ್ದು ಒಲೆ ಹಚ್ಚಬೇಕು.

ಅಡುಗೆಗೆ ಅಗಸೆ ಸೊಪ್ಪಿನ ಪಲ್ಯ, ಹೆಸರುಬೇಳೆ ತೊವ್ವೆ, ನೆಲ್ಲಿಕಾಯಿ ಚಟ್ನಿ. ನಮ್ಮನೇಲಿ ಆ ದಿನ ಹುಣಸೆ ಮುಟ್ಟಲ್ಲ, ಹುಳಿಗೆ ನೆಲ್ಲಿಕಾಯಿನೇ. ಅಗಸೆ ಸೊಪ್ಪು ಎಲ್ಲಾ ಅಂಗಡೀಲೂ ಸಿಗಲ್ಲ, ಗಾಂಧಿ ಬಜಾರಲ್ಲಿ ಸೊಪ್ಪು ಮಾರೋ ಅಮ್ಮನಿಗೆ ಮುಂಚೆನೇ ಹೇಳಿಟ್ರೆ ತಂದ್ಕೊಡ್ತಾರೆ. ನೆಲ್ಲಿಕಾಯಿ ಸೀಸನ್ನಲ್ಲಿ ತಂದು ಫ್ರೀಜರಲ್ಲಿ ಇಟ್ಕೋತೀನಿ. ಖಾಲಿ ಹೊಟ್ಟೆಗೆ ಆ ಸೊಪ್ಪು, ಬೇಳೆ, ಬಿಸಿ ಅನ್ನ ಎಷ್ಟು ಹಿತ ಅಂದ್ರೆ, ಮಾಡಿದವರಿಗೇ ಗೊತ್ತು.

ಶುಗರ್, ಬಿಪಿ ಮಾತ್ರೆ ತಗೊಳ್ಳೋರು ದಯವಿಟ್ಟು ಡಾಕ್ಟರ್ ಕೇಳದೆ ನಿರ್ಜಲ ಮಾಡ್ಬೇಡಿ. ನಮ್ಮತ್ತೆನೂ ಈಗ ಎರಡು ವರ್ಷದಿಂದ ಹಾಲು, ಹಣ್ಣು ತಗೋತಾರೆ, ಮಾತ್ರೆ ನುಂಗ್ಲೇಬೇಕಲ್ಲ. ಮೊದಲ ಸಲ ಹಾಲಿನ ಲೋಟ ಕೈಯಲ್ಲಿ ಹಿಡ್ಕೊಂಡು ತುಂಬಾ ಹೊತ್ತು ದೇವರ ಮುಂದೆ ಕೂತಿದ್ರು. ದ್ವಾದಶಿ ದಿನ ಮಾತ್ರ ಈಗ್ಲೂ ನನ್ನ ಅಲಾರಂ ಹೊಡೆಯೋ ಮುಂಚೆ ಅವರೇ ಎದ್ದು, ಪಂಚಪಾತ್ರೆ ತೊಳೆದು, ನನ್ನ ಬ್ಯಾಗ್ ಪಕ್ಕ ತೀರ್ಥ ಇಟ್ಟಿರ್ತಾರೆ.