ಪಾರ್ಟ್ಸ್ ಪಟ್ಟಿ ಮೊದಲು, ಗಾಡಿ ಆಮೇಲೆ: ಪೋಲೊ ಜಿಟಿ ಬಿಟ್ಟು ಅಬಾರ್ಥ್ ಪುಂಟೊ ಕೊಂಡ ಲೆಕ್ಕ

ಆರೂವರೆ ಲಕ್ಷದೊಳಗೆ, ಓಡಿಸೋಕೆ ಮಜಾ ಕೊಡುವ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ಹುಡುಕಿದಾಗ ನನ್ನ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡೇ: ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮತ್ತು ಫಿಯಟ್‌ನ ಅಬಾರ್ಥ್ ಪುಂಟೊ. ಫಿಯಟ್ ಇಲ್ಲಿ ಗಾಡಿ ಮಾರುವುದನ್ನೇ ನಿಲ್ಲಿಸಿದೆ. ಅಬಾರ್ಥ್ ಹೆಸರೆತ್ತಿದ ಕೂಡಲೇ ಬಂದ ಪ್ರಶ್ನೆಯೂ ಒಂದೇ: "ಫಿಯಟ್ಟಾ? ಪಾರ್ಟ್ಸ್ ಎಲ್ಲಿಂದ ತರ್ತೀರಿ?" ಕೇಳಿದವರಲ್ಲಿ ಇಬ್ಬರು ಮೆಕ್ಯಾನಿಕ್‌ಗಳು. ಈಗ ಎರಡು ವರ್ಷ, 22,000 ಕಿ.ಮೀ. ಚಿಲ್ಲರೆ ಆಗಿದೆ, ಗಾಡಿ ಒಂದು ಸಲವೂ ಟೋ ಆಗಿ ಮನೆಗೆ ಬಂದಿಲ್ಲ. ಅದಕ್ಕೇ ಲೆಕ್ಕ ಬಿಚ್ಚಿಡುವ ಧೈರ್ಯ.

ಮೊದಲು ಕಾಗದದ ಅಂಕಿ. ಅಬಾರ್ಥ್‌ನ 1.4 ಟಿ-ಜೆಟ್ ಟರ್ಬೊ ಎಂಜಿನ್‌ಗೆ 145 ಕುದುರೆ, 212 ಎನ್‌ಎಂ ಟಾರ್ಕ್, ಐದು ಗೇರಿನ ಮ್ಯಾನುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಪೋಲೊದ 1.2 ಟಿಎಸ್‌ಐಗೆ 105 ಕುದುರೆ, 175 ಎನ್‌ಎಂ, ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್), ಹಿಂದೆ ಡ್ರಮ್. ಅಂಕಿ ನೋಡಿದರೆ ಅಲ್ಲಿಗೇ ತೀರ್ಮಾನ ಆಗಬೇಕು, ಆದರೆ ಆಗುವುದಿಲ್ಲ. ಪೋಲೊ 1500 ಆರ್‌ಪಿಎಂನಿಂದಲೇ ಎಳೆಯುತ್ತದೆ, ಟಿ-ಜೆಟ್ 2000 ದಾಟುವವರೆಗೆ ಮಲಗಿರುತ್ತದೆ. ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದವರೆಗಿನ ಟ್ರಾಫಿಕ್‌ನಲ್ಲಿ ಪೋಲೊನೇ ಚುರುಕು, ಅದರಲ್ಲಿ ಎರಡು ಮಾತಿಲ್ಲ.

ನನ್ನ ವಿಧಾನ ಇಷ್ಟೇ: ಗಾಡಿ ನೋಡುವ ಮೊದಲು ಎರಡಕ್ಕೂ ಹದಿನಾಲ್ಕು ಪಾರ್ಟ್‌ಗಳ ಪಟ್ಟಿ ಮಾಡಿದೆ. ಕ್ಲಚ್, ಟೈಮಿಂಗ್ ಕಿಟ್, ವಾಟರ್ ಪಂಪ್, ಲೋವರ್ ಆರ್ಮ್, ಸ್ಟ್ರಟ್ ಮೌಂಟ್, ವೀಲ್ ಬೇರಿಂಗ್, ಇಗ್ನಿಷನ್ ಕಾಯಿಲ್, ರೇಡಿಯೇಟರ್, ಕಂಡೆನ್ಸರ್, ಬೂಸ್ಟ್ ಹೋಸ್, ಹೀಗೆ. ಪ್ರತಿಯೊಂದಕ್ಕೂ ಮೂರು ಕಡೆ ರೇಟು ಕೇಳಿದೆ: ಜೆ.ಸಿ. ರಸ್ತೆಯ ಅಂಗಡಿ, ಆನ್‌ಲೈನ್, ಗಾಡಿ ಒಡೆದು ಮಾರುವವರು. "ಸಿಗುತ್ತೆ ಸಾರ್" ಎಂದವರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಪಾರ್ಟ್ ನಂಬರಿನ ಫೋಟೋ ಕಳಿಸಿದರೆ ಮಾತ್ರ ಸಿಗುತ್ತದೆ ಎಂದು ಬರೆದುಕೊಂಡೆ. ಅಬಾರ್ಥ್‌ಗೆ ಹದಿನಾಲ್ಕರಲ್ಲಿ ಹನ್ನೊಂದು ಸಿಕ್ಕವು. ಕಾರಣ ಸರಳ: ಟಿ-ಜೆಟ್ ಎಂಜಿನ್ 2010ರಿಂದಲೇ ಲೀನಿಯಾದಲ್ಲಿ ಇಲ್ಲಿ ಓಡಿದೆ, ಬಾಡಿ ಸಾಮಾನ್ಯ ಪುಂಟೊದ್ದು. ಸಿಗದ ಮೂರು: ಸ್ಕಾರ್ಪಿಯನ್ ಅಲಾಯ್, ಸ್ಟಿಕ್ಕರ್, ಸೀಟಿನ ಬಟ್ಟೆ. ಇವಿಲ್ಲದಿದ್ದರೂ ಗಾಡಿ ಓಡುತ್ತದೆ. ಪೋಲೊಗೆ ಹದಿನಾಲ್ಕೂ ಸಿಕ್ಕವು, ಆದರೆ ಮೆಕಾಟ್ರಾನಿಕ್ (ಡಿಎಸ್‌ಜಿಯ ಗೇರು, ಕ್ಲಚ್ಚು ನಡೆಸುವ ಹೈಡ್ರಾಲಿಕ್-ಎಲೆಕ್ಟ್ರಾನಿಕ್ ಘಟಕ) ಎಂಬ ಒಂದೇ ಸಾಲು ಉಳಿದೆಲ್ಲವನ್ನೂ ನುಂಗಿತು. ಹೊಸದಕ್ಕೆ ಹೇಳಿದ್ದು ಎರಡು ಲಕ್ಷದ ಆಸುಪಾಸು, ಹೊರಗಿನ ರಿಪೇರಿಗೆ ನಲವತ್ತರಿಂದ ಅರವತ್ತು ಸಾವಿರ.

ಜೀಪ್ ಕಂಪಾಸ್‌ನ 1.4 ಪೆಟ್ರೋಲ್ ಪಾರ್ಟ್ ಆಗುತ್ತದೆ ಎಂದು ಹೇಳುವವರು ಸಿಗುತ್ತಾರೆ. ಅದು ಮಲ್ಟಿಏರ್ ಹೆಡ್ಡು, ಅಂದರೆ ವಾಲ್ವ್ ತೆರೆಯುವ ವ್ಯವಸ್ಥೆಯೇ ಬೇರೆ, ನಮ್ಮದು ಸಾದಾ ಎರಡು ಕ್ಯಾಮ್‌ನದು. ನಂಬಬೇಡಿ.

ಒಟ್ಟು ಹನ್ನೊಂದು ಗಾಡಿ ನೋಡಿದೆ: ಆರು ಪೋಲೊ, ಐದು ಅಬಾರ್ಥ್. ಪೋಲೊದಲ್ಲಿ ನೋಡಿದ್ದು ಮುಖ್ಯವಾಗಿ ಡಿಕ್ಯೂ200 ಗೇರ್‌ಬಾಕ್ಸ್, ಅದೇ ಏಳು ಗೇರಿನ ಡಿಎಸ್‌ಜಿ. ಒಣ ಕ್ಲಚ್ ಎರಡು: ಒಂದು, ಮೂರು, ಐದು, ಏಳಕ್ಕೆ ಕೆ1, ಎರಡು, ನಾಲ್ಕು, ಆರು ಮತ್ತು ರಿವರ್ಸ್‌ಗೆ ಕೆ2. ಟ್ರಾಫಿಕ್‌ನಲ್ಲಿ ತೆವಳುವಾಗ ಒಂದರಿಂದ ಎರಡಕ್ಕೆ ಹೋಗುವ ಹೊತ್ತಿಗೆ ನಡುಗಿದರೆ ಕ್ಲಚ್ ತೇದಿದೆ. ಇಳಿಜಾರಿನಲ್ಲಿ ಗಾಡಿಯ ಹಿಂಭಾಗ ಮೇಲಕ್ಕಿರುವಂತೆ ನಿಲ್ಲಿಸಿ ರಿವರ್ಸ್‌ನಲ್ಲಿ ಹತ್ತಿಸಿದರೆ ಕೆ2ವಿನ ಬಣ್ಣ ಬಯಲು. ಆದರೆ ತಣ್ಣನೆಯ ಗೇರ್‌ಬಾಕ್ಸ್ ಎಲ್ಲವನ್ನೂ ಮುಚ್ಚಿಡುತ್ತದೆ. ನಾನು ಹತ್ತು ಸಾವಿರ ಟೋಕನ್ (ಮುಂಗಡ) ಕಳೆದುಕೊಂಡಿದ್ದು ಇಲ್ಲೇ. ಹದಿನೈದು ನಿಮಿಷ ಓಡಿಸಿ, ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ನೋಡಿ, ದೋಷದ ಕೋಡ್ ಇಲ್ಲ ಎಂದು ದುಡ್ಡು ಕೊಟ್ಟೆ. ಮರುದಿನ ನಲವತ್ತು ನಿಮಿಷ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳಿಸಿದ ಮೇಲೆ ಪಿ189ಸಿ ಕೋಡ್ ಬಂತು, ಅಂದರೆ ಹೈಡ್ರಾಲಿಕ್ ಒತ್ತಡ ಸಾಲದು. ಅದರ ಅಣ್ಣ ಪಿ17ಬಿಎಫ್. ಎರಡರಲ್ಲಿ ಯಾವುದು ಬಂದರೂ ಮೆಕಾಟ್ರಾನಿಕ್‌ನಲ್ಲಿ ಅಕ್ಯುಮ್ಯುಲೇಟರ್ (ಆಯಿಲ್ ಒತ್ತಡ ಹಿಡಿದಿಡುವ ಡಬ್ಬಿ) ಕೂರುವ ಜಾಗದಲ್ಲಿ ಹೌಸಿಂಗ್ ಬಿರುಕು ಬಿಟ್ಟಿರುವ ಸಾಧ್ಯತೆಯೇ ಹೆಚ್ಚು. ಮಾರುವವರು ಟೋಕನ್ ವಾಪಸ್ ಕೊಡಲಿಲ್ಲ.

ಅಂದಿನಿಂದ ಸ್ಕ್ಯಾನ್ ಎರಡು ಸಲ: ಬಾನೆಟ್ ಕೈಗೆ ತಣ್ಣಗಿರುವಾಗ ಒಂದು, ನಲವತ್ತು ನಿಮಿಷ ಓಡಿಸಿದ ಮೇಲೆ ಇನ್ನೊಂದು. ಮೊದಲ ಸ್ಕ್ಯಾನ್‌ನಲ್ಲಿ ಕೋಡ್‌ಗಿಂತ ಮೊದಲು ರೆಡಿನೆಸ್ ಮಾನಿಟರ್ (ಗಾಡಿ ತನ್ನನ್ನು ತಾನೇ ಪರೀಕ್ಷಿಸಿ ಮುಗಿಸಿದೆಯೇ ಎಂಬ ಪಟ್ಟಿ) ನೋಡಿ. ಎಲ್ಲವೂ "ಅಪೂರ್ಣ" ಎಂದಿದ್ದರೆ ಬೆಳಗ್ಗೆಯೋ ಹಿಂದಿನ ದಿನವೋ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ. ಕೇಳಿದರೆ ಬ್ಯಾಟರಿ ಎಂದೇ ಹೇಳುತ್ತಾರೆ. ಮೊದಲ ವರ್ಷಗಳ 1.2 ಟಿಎಸ್‌ಐನಲ್ಲಿ ಟೈಮಿಂಗ್ ಚೈನು ಇದೆ. ತಣ್ಣಗೆ ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡ್ ಗಲಗಲ ಸದ್ದು ಬಂದರೆ ಚೌಕಾಸಿ ಮಾಡಲೂ ನಿಲ್ಲಬೇಡಿ.

ಅಬಾರ್ಥ್‌ನ ಸಮಸ್ಯೆ ಬೇರೆ ಥರದ್ದು. ಐದರಲ್ಲಿ ಮೂರು ರೀಮ್ಯಾಪ್ ಆಗಿದ್ದವು, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿದ್ದರು, ಒಬ್ಬರು ಮಾತ್ರ ಒಪ್ಪಿಕೊಂಡರು. ಮಾರುವ ಮುಂಚೆ ಸ್ಟಾಕ್ ಫೈಲ್ ವಾಪಸ್ ಹಾಕಿದರೂ ಕ್ಲಚ್ಚಿನ ಸವೆತ ವಾಪಸ್ ಬರುವುದಿಲ್ಲ. ನಾಲ್ಕನೇ ಗೇರ್, 2000 ಆರ್‌ಪಿಎಂ, ಏರುದಾರಿಯಲ್ಲಿ ಪೂರ್ತಿ ಒತ್ತಿ. ಮುಳ್ಳು 3000ಕ್ಕೆ ಜಿಗಿದು ಸ್ಪೀಡು ಏರದಿದ್ದರೆ ಕ್ಲಚ್ ಮುಗಿದಿದೆ. ಇನ್ನೊಂದು, ಸ್ಕ್ಯಾನರ್‌ನಲ್ಲಿ ಕಾಣುವ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಎಂಜಿನ್ ಪೆಟ್ರೋಲನ್ನು ಎಷ್ಟು ಹೆಚ್ಚು ಕಮ್ಮಿ ಮಾಡಿಕೊಳ್ಳುತ್ತಿದೆ ಎಂಬುದು. ಸೊನ್ನೆಯಿಂದ ಐದು ಶೇಕಡಾ ಆಚೀಚೆ ಇದ್ದರೆ ಸರಿ. ಹತ್ತು ದಾಟಿದರೆ ಎಲ್ಲೋ ಗಾಳಿ ಸೋರುತ್ತಿರಬಹುದು. ಹೊಗೆ ಬಿಟ್ಟು ಪರೀಕ್ಷೆ ಮಾಡಿಸಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಫಿಯಟ್‌ಗೆ ಮಲ್ಟಿಇಸಿಯುಸ್ಕ್ಯಾನ್ ಎಂಬ ಸ್ಕ್ಯಾನ್ ಸಾಫ್ಟ್‌ವೇರ್ ಬಳಸುವವರು ಬಣ್ಣದ ಅಡಾಪ್ಟರ್ ಕೇಬಲ್ ಜೊತೆಗೆ ಒಯ್ಯಿರಿ. ಬರೀ ಇಎಲ್‌ಎಂ ಡಬ್ಬಿಯಿಂದ (ಅಗ್ಗದ ಸಾದಾ ಸ್ಕ್ಯಾನರ್) ಎಂಜಿನ್ ಓದಬಹುದು, ಉಳಿದ ಕೆಲವು ಮಾಡ್ಯೂಲ್ ಬಾಯಿ ಬಿಡುವುದಿಲ್ಲ.

ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್‌ನ ಲೆಕ್ಕ ಎರಡಕ್ಕೂ ಒಂದೇ: ಕಂಪನಿ ಬಣ್ಣ 90ರಿಂದ 140 ಮೈಕ್ರಾನ್, 250 ದಾಟಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ, 500 ಎಂದರೆ ಪುಟ್ಟಿ. ಬಾಗಿಲಿನ ಗೀರು ಬಿಡಿ, ಎ-ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಮತ್ತು ಛಾವಣಿ ಅಳೆಯಿರಿ.

ಕೊನೆಗೆ ಉಳಿದ ಎರಡು ಗಾಡಿಗಳನ್ನು ಒಂದೇ ದಿನ, ಒಂದೇ ದಾರಿಯಲ್ಲಿ ಓಡಿಸಿದೆ. ಪೋಲೊದಲ್ಲಿ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಇದೆ, ಅಬಾರ್ಥ್‌ನಲ್ಲಿಲ್ಲ. ಒದ್ದೆ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ತಿರುಗುತ್ತದೆ. ಹಾಗಿದ್ದರೂ ಮನಸ್ಸು ಅಬಾರ್ಥ್ ಕಡೆಗೇ ವಾಲಿದ್ದು ಸ್ಟೀರಿಂಗ್‌ನಿಂದ. ಹೈಡ್ರಾಲಿಕ್, ಭಾರ, ಪಾರ್ಕಿಂಗ್‌ನಲ್ಲಿ ಭುಜ ನೋವು, ಆದರೆ ಮುಂದಿನ ಚಕ್ರ ಯಾವಾಗ ಹಿಡಿತ ಬಿಡುತ್ತದೆ ಎಂದು ಅಂಗೈಗೆ ಮೊದಲೇ ಹೇಳುತ್ತದೆ. ಪೋಲೊದ ಡಿಎಸ್‌ಜಿ ಮ್ಯಾನುಯಲ್ ಮೋಡ್‌ನಲ್ಲೂ ರೆಡ್‌ಲೈನ್ ಮುಟ್ಟಿದರೆ ತಾನೇ ಗೇರ್ ಏರಿಸುತ್ತದೆ, ತಿರುವಿನ ನಡುವೆ ಹಾಗಾದರೆ ನನಗೆ ಸಿಟ್ಟು ಬರುತ್ತದೆ. ಅದು ನನ್ನ ರುಚಿ. ದಿನಾ ಆಫೀಸಿಗೂ ಅದೇ ಗಾಡಿ ಎನ್ನುವವರು ಪೋಲೊ ತೆಗೆದುಕೊಳ್ಳಿ, ಮೆಕಾಟ್ರಾನಿಕ್‌ಗೆ ಅರವತ್ತು ಸಾವಿರ ಬೇರೆ ಇಟ್ಟು.

ಖರ್ಚು, ನೆನಪಿನಿಂದ: 2016ರ ಮಾಡೆಲ್, 58,000 ಓಡಿದ್ದು, 4.6 ಲಕ್ಷ. ಟ್ರಾನ್ಸ್‌ಫರ್, ಇನ್ಶೂರೆನ್ಸ್ ಸೇರಿ ಇಪ್ಪತ್ತೈದು ಸಾವಿರ. ಮೊದಲ ತಿಂಗಳಲ್ಲೇ 195/55 ಆರ್16 ಟೈರ್ ನಾಲ್ಕು, ಮೂವತ್ತನಾಲ್ಕು ಸಾವಿರ. ಕ್ಲಚ್ ಕೂಲಿ ಸೇರಿ ಮೂವತ್ತೊಂದು. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಹತ್ತೊಂಬತ್ತು. ಮುಂದಿನ ಡಿಸ್ಕ್, ಪ್ಯಾಡ್ ಹದಿಮೂರು. ಲೋವರ್ ಆರ್ಮ್ ಜೋಡಿ ಹನ್ನೊಂದು. 5ಡಬ್ಲ್ಯು-40 ಎಂಜಿನ್ ಆಯಿಲ್, ಗೇರ್ ಆಯಿಲ್, ಡಾಟ್ 4 ಬ್ರೇಕ್ ಫ್ಲೂಯಿಡ್, ಕೂಲೆಂಟ್ ಒಂಬತ್ತು. ಹೋಸ್, ಕ್ಲಿಪ್ ನಾಲ್ಕೂವರೆ. ಆರು ಲಕ್ಷದ ಆರೂವರೆ ಸಾವಿರಕ್ಕೆ ನಿಂತಿತು. ಉಳಿದದ್ದರಲ್ಲಿ ಎರಡನೇ ವರ್ಷ ಎಸಿ ಕಂಡೆನ್ಸರ್ ಹದಿನಾಲ್ಕು ಸಾವಿರ ತಿಂದಿತು. ಹೋಸಿಗೆ ಬದಲಿಯಾಗಿ ಯಾವ ಗಾಡಿಯದ್ದು ಕೂರುತ್ತದೆ ಎಂದು ಹೇಳುವುದಿಲ್ಲ, ಹೇಳಿದರೆ ನನಗೇ ಸಿಗುವುದಿಲ್ಲ.

ಈ ಲೆಕ್ಕದಲ್ಲಿ ಸೇರದ ದಂಡ ಎರಡು. ಮೊದಲು ತಂದ ಕ್ಲಚ್ ಪ್ಲೇಟು ಟರ್ಬೊ ಇಲ್ಲದ 1.4ರದ್ದು, ಡಬ್ಬಿ ಮೇಲೆ "ಲೀನಿಯಾ ಪೆಟ್ರೋಲ್" ಎಂದಷ್ಟೇ ಇತ್ತು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಗೊತ್ತಾಗಿ, ಗಾಡಿ ಐದು ದಿನ ರ‍್ಯಾಂಪ್ ಮೇಲೆ ಕೂತಿತು. ಹಳೆಯದನ್ನು ಬಿಚ್ಚಿ ನಂಬರ್ ಓದಿದ ಮೇಲೆಯೇ ಹೊಸದಕ್ಕೆ ಆರ್ಡರ್ ಕೊಡಿ. ಎರಡನೆಯದು ಟೈಮಿಂಗ್. ಈ ಎಂಜಿನ್‌ನಲ್ಲಿ ಎರಡೂ ಕ್ಯಾಮ್‌ಗೆ ಲಾಕಿಂಗ್ ಟೂಲ್ ಹಾಕಿಯೇ ಬೆಲ್ಟ್ ಬಿಚ್ಚಬೇಕು. ಒಂದು ಗ್ಯಾರೇಜಿನಲ್ಲಿ ವೈಟ್ನರ್‌ನಿಂದ ಗುರುತು ಹಾಕಿ ಬಿಚ್ಚಿದರು. ಸ್ಟಾರ್ಟ್ ಆಯಿತು, ಐಡ್ಲಿಂಗ್ ಕುಂಟಿತು, 3000ದ ಮೇಲೆ ಜೀವವಿಲ್ಲ: ಒಂದು ಹಲ್ಲು ತಪ್ಪಿತ್ತು. ಟೂಲ್ ಸೆಟ್ಟು ನಾನೇ ತರಿಸಿ, ಬೇರೆ ಕಡೆ ಮತ್ತೆ ಮಾಡಿಸಿದೆ, ಏಳು ಸಾವಿರ ನೀರಿಗೆ. ಆ ಸೆಟ್ಟನ್ನು ಈಗ ನಾಲ್ಕು ಜನ ಟಿ-ಜೆಟ್ ಮಾಲೀಕರು ಎರವಲು ಒಯ್ಯುತ್ತಾರೆ. ಅವರಲ್ಲಿ ಒಬ್ಬರು "ಪಾರ್ಟ್ಸ್ ಎಲ್ಲಿಂದ" ಎಂದು ನಕ್ಕವರೇ.

ಪ್ರಯೋಗಗಳೂ ಆದವು. ಸಾದಾ ಪೆಟ್ರೋಲ್ ಮತ್ತು ಎಕ್ಸ್‌ಪಿ95 (95 ಆಕ್ಟೇನ್‌ನ ಪೆಟ್ರೋಲ್), ತಲಾ ಎರಡು ಟ್ಯಾಂಕ್, ಒಂದೇ ಏರಿನಲ್ಲಿ ಲಾಗ್ ಮಾಡಿದೆ: ಸಾದಾದಲ್ಲಿ ಬಿಸಿಲಿಗೆ ಇಗ್ನಿಷನ್ ಟೈಮಿಂಗ್ (ಎಂಜಿನ್ ಬಡಿತ ತಪ್ಪಿಸಲು) ನಾಲ್ಕೈದು ಡಿಗ್ರಿ ಹಿಂದೆ ಸರಿಯುತ್ತದೆ, 95ರಲ್ಲಿ ಒಂದೆರಡು. ಮೈಲೇಜ್‌ನಲ್ಲಿ ವ್ಯತ್ಯಾಸ ಕಾಣಲಿಲ್ಲ: ಊರೊಳಗೆ ಎಂಟೂವರೆ, ಹೈವೇಯಲ್ಲಿ ಹದಿಮೂರು. ಟೈರ್ ಒತ್ತಡ ಸುತ್ತಲೂ 34 ಹಾಕಿದರೆ ಸ್ಟೀರಿಂಗ್ ಹಗುರ, ಆದರೆ ಆಗುಂಬೆಯ ಹದಿನಾಲ್ಕು ಹೇರ್‌ಪಿನ್‌ನಲ್ಲಿ ಮೂಗು ಹೊರಗೆ ಜಾರುತ್ತದೆ. ಮುಂದೆ 32, ಹಿಂದೆ 33ಕ್ಕೆ ನಿಲ್ಲಿಸಿದ್ದೇನೆ. ಕ್ಯಾಂಬರ್ (ಚಕ್ರದ ಓರೆ) ಎಷ್ಟು ಎಂಬುದು ನನಗೂ ಅಲೈನ್‌ಮೆಂಟ್ ಮಾಡಿದವರಿಗೂ ಇರಲಿ.

ಗ್ರೌಂಡ್ ಕ್ಲಿಯರೆನ್ಸ್ 155 ಮಿ.ಮೀ. ನಾಲ್ಕು ಜನ ಕೂತರೆ ನಮ್ಮೂರ ಅವೈಜ್ಞಾನಿಕ ಹಂಪ್‌ಗಳಲ್ಲಿ ಹೊಟ್ಟೆ ತಾಗುತ್ತದೆ, ಓರೆಯಾಗಿ ಹತ್ತಿಸಬೇಕು. ಹಾಗೆ ಹತ್ತಿಸಿ ಹತ್ತಿಸಿ ಎಡಗಡೆ ಲೋವರ್ ಆರ್ಮಿನ ಬುಷ್ ಮತ್ತೆ ಕಿರುಗುಟ್ಟಲು ಶುರು ಮಾಡಿದೆ. ಈ ಸಲ ಪೂರ್ತಿ ಆರ್ಮ್ ಬದಲಿಸದೆ ಬುಷ್ ಮಾತ್ರ ಪ್ರೆಸ್ ಮಾಡಿಸಿ ನೋಡುತ್ತೇನೆ, ಸಾವಿರದ ಇನ್ನೂರು ಹೇಳಿದ್ದಾರೆ.