ಕತ್ತರಿಸಿದ್ದು ಮನುಷ್ಯರ ಕಿಣ್ವವೋ, ಬ್ಯಾಕ್ಟೀರಿಯಾದ್ದೋ? ಎಪಿಇ1 ತಯಾರಿಸಿ ಪರೀಕ್ಷಿಸುವ ಬಗೆ

ನಮ್ಮ ಒಂದೊಂದು ಜೀವಕೋಶದಲ್ಲೂ ದಿನಕ್ಕೆ ಸುಮಾರು 10,000 ಕಡೆ ಡಿಎನ್‌ಎಯಿಂದ ಬೇಸ್ (ಅದರ ಒಂದು ‘ಅಕ್ಷರ’) ಉದುರುತ್ತದೆ. ಬೋಳು ಸಕ್ಕರೆ ಮಾತ್ರ ಉಳಿಯುತ್ತದೆ. ಆ ಜಾಗದ ಪಕ್ಕದಲ್ಲೇ ಎಳೆಯನ್ನು ಕತ್ತರಿಸಿ ದುರಸ್ತಿಗೆ ದಾರಿ ಮಾಡಿಕೊಡುವುದು ಎಪಿಇ1 ಎಂಬ ಕಿಣ್ವ. 318 ಅಮೈನೊ ಆಮ್ಲಗಳ, ಸುಮಾರು 35.5 ಕಿಲೊಡಾಲ್ಟನ್ ತೂಕದ ಈ ಪ್ರೋಟೀನನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಬೆಳೆಸುವುದು ಸುಲಭ. ತೊಡಕೆಂದರೆ, ಇದೇ ಕೆಲಸ ಮಾಡುವ ಎಕ್ಸೊನ್ಯೂಕ್ಲಿಯೇಸ್ 3 ಮತ್ತು ಎಂಡೊನ್ಯೂಕ್ಲಿಯೇಸ್ 4 ಎಂಬ ಕಿಣ್ವಗಳು ಇ. ಕೋಲಿಯಲ್ಲೇ ಇವೆ.

ನಿಕಲ್ಲಿಗೆ ಅಂಟುವ ಹಿಸ್ಟಿಡಿನ್ ಟ್ಯಾಗನ್ನು ಪ್ರೋಟೀನಿನ ಎನ್ ತುದಿಗೆ (ಮೊದಲ ತುದಿಗೆ) ಕೂಡಿಸಿ. ಸಿ ತುದಿ (ಕೊನೆಯ ತುದಿ) ಕಿಣ್ವದ ಕತ್ತರಿಸುವ ಭಾಗಕ್ಕೆ ತೀರ ಹತ್ತಿರ. ಬಿಎಲ್21 (ಡಿಇ3) ಎಂಬ ಇ. ಕೋಲಿ ತಳಿಯ ಕೋಶಗಳನ್ನು 1 ಲೀಟರ್ ಎಲ್‌ಬಿ ಪೋಷಕ ದ್ರವದಲ್ಲಿ 37 ಡಿಗ್ರಿಯಲ್ಲಿ ಓಡಿ (ದ್ರವದ ಮಬ್ಬಿನ ಅಳತೆ) 0.6 ಆಗುವವರೆಗೆ ಬೆಳೆಸಿ. ತಣಿಸಿ, ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ 1 ಮೋಲಾರ್ ಐಪಿಟಿಜಿ 0.5 ಮಿ.ಲೀ. ಹಾಕಿ, 18 ಡಿಗ್ರಿಯಲ್ಲಿ ರಾತ್ರಿಯಿಡೀ ಕುಲುಕಲು ಬಿಡಿ.

ಕೋಶ ಒಡೆಯುವ ಬಫರ್: 50 ಮಿಲಿಮೋಲಾರ್ ಟ್ರಿಸ್ (ಪಿಎಚ್ 8), 500 ಮಿಲಿಮೋಲಾರ್ ಉಪ್ಪು, 10 ಮಿಲಿಮೋಲಾರ್ ಇಮಿಡಜೋಲ್, ಶೇ 10 ಗ್ಲಿಸರಾಲ್. ಉಪ್ಪು ಕಡಿಮೆಯಾದರೆ ಬ್ಯಾಕ್ಟೀರಿಯಾದ ಡಿಎನ್‌ಎ ಪ್ರೋಟೀನಿಗೆ ಅಂಟಿಕೊಂಡೇ ಬರುತ್ತದೆ. ಪ್ರೋಟೀನ್ ತುಂಡಾಗದಂತೆ ತಡೆಯುವ ಪಿಎಂಎಸ್ಎಫ್ ನೀರಿನಲ್ಲಿ ಬೇಗ ಕೆಡುವುದರಿಂದ ಒಡೆಯುವ ಕ್ಷಣಕ್ಕೇ ಬೆರೆಸಿ. ಮಂಜುಗಡ್ಡೆಯ ಮೇಲಿಟ್ಟು 10 ಸೆಕೆಂಡ್ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ಕೋಶ ಒಡೆದು), 20 ಸೆಕೆಂಡ್ ಬಿಡುವು ಕೊಡುತ್ತಾ ಹೋಗಿ. ಸೆಂಟ್ರಿಫ್ಯೂಜ್ ಮಾಡಿ, ತಿಳಿಯನ್ನು ನಿಕಲ್ ಕಾಲಂಗೆ ಹಾಕಿ. ಇಲ್ಲಿ ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಬೇಡವೇ ಬೇಡ, ಅದು ನಿಕಲ್ಲನ್ನೇ ಕಿತ್ತುಕೊಳ್ಳುತ್ತದೆ. 20 ಮಿಲಿಮೋಲಾರ್ ಇಮಿಡಜೋಲ್‌ನಿಂದ ತೊಳೆದು, 250 ಮಿಲಿಮೋಲಾರ್ ಇಮಿಡಜೋಲ್ ಹಾಯಿಸಿ ಪ್ರೋಟೀನನ್ನು ಕಾಲಂನಿಂದ ಇಳಿಸಿ. ಇಮಿಡಜೋಲ್ ಕ್ಷಾರೀಯ, ಅದರ ಪಿಎಚ್ ಸರಿಪಡಿಸಲು ಮರೆಯುವವರೇ ಹೆಚ್ಚು.

ನಂತರ, ಡಿಎನ್‌ಎಗೆ ಅಂಟುವ ಪ್ರೋಟೀನ್‌ಗಳನ್ನು ಹಿಡಿಯುವ ಹೆಪಾರಿನ್ ಕಾಲಂ. 100 ಮಿಲಿಮೋಲಾರ್ ಉಪ್ಪಿನಲ್ಲಿ ಹಿಡಿಸಿ, ನಿಧಾನವಾಗಿ 1 ಮೋಲಾರ್‌ವರೆಗೆ ಏರಿಸಿ.

ಜೆಲ್‌ನಲ್ಲಿ 31 ಕಿಲೊಡಾಲ್ಟನ್ ಹತ್ತಿರ ಮಸುಕಾದ ಇನ್ನೊಂದು ಪಟ್ಟಿ ಕಂಡರೆ ಅಲ್ಲೇ ನಿಲ್ಲಿ. ಎಪಿಇ1ರ ಮೊದಲ 33 ಅಮೈನೊ ಆಮ್ಲಗಳ ಸಡಿಲ ಬಾಲ ತುಂಡಾದರೂ ಪಟ್ಟಿ ಅಲ್ಲೇ ಬೀಳುತ್ತದೆ, ಎಕ್ಸೊನ್ಯೂಕ್ಲಿಯೇಸ್ 3 ಕೂಡ ಅಲ್ಲೇ. ಬಾಲ ತುಂಡಾದ ಪ್ರೋಟೀನ್ ಚೆನ್ನಾಗಿಯೇ ಕತ್ತರಿಸುತ್ತದೆ, ಆದರೆ ಬೇರೆ ಪ್ರೋಟೀನ್‌ಗಳೊಡನೆ ಅದರ ನಂಟನ್ನು ಅಳೆಯುವ ಕೆಲಸಕ್ಕೆ ಬಾರದು. ಕಣ್ಣಳತೆಯಲ್ಲಿ ತೀರ್ಮಾನಿಸದೆ ಮಾಸ್ ಸ್ಪೆಕ್ಟ್ರೋಮೆಟ್ರಿಗೆ ಕಳಿಸಿ.

ಈಗ ಪರೀಕ್ಷೆ. 30 ಬೇಸ್‌ಗಳ ಜೋಡಿ ಎಳೆ, ಒಂದೆಳೆಯ 16ನೆಯ ಜಾಗದಲ್ಲಿ ಬೋಳು ಜಾಗವನ್ನು ಹೋಲುವ ಟೆಟ್ರಾಹೈಡ್ರೊಫ್ಯುರಾನ್, ಅದೇ ಎಳೆಯ 5' ತುದಿಯಲ್ಲಿ ಫ್ಯಾಮ್ ಎಂಬ ಹೊಳೆಯುವ ಬಣ್ಣ. ಸಹಜ ಬೋಳು ಜಾಗ ಬಿಸಿಗೆ ತಾನಾಗಿಯೇ ಮುರಿದು ಸುಳ್ಳು ಫಲಿತಾಂಶ ಕೊಡುತ್ತದೆ. ಟೆಟ್ರಾಹೈಡ್ರೊಫ್ಯುರಾನ್ ಹಾಗೆ ಮುರಿಯದು. ಎಳೆ 50 ನ್ಯಾನೊಮೋಲಾರ್, ಕಿಣ್ವ 0.1ರಿಂದ 1 ನ್ಯಾನೊಮೋಲಾರ್, 50 ಮಿಲಿಮೋಲಾರ್ ಹೆಪ್ಸ್ ಬಫರ್ (ಪಿಎಚ್ 7.5), 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, 10 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, ಮಿ.ಲೀ.ಗೆ 0.1 ಮಿ.ಗ್ರಾಂ ಬಿಎಸ್ಎ (ಹಸುವಿನ ರಕ್ತದ ಪ್ರೋಟೀನ್). ಬಿಎಸ್ಎ ಬಿಟ್ಟರೆ ಇಷ್ಟು ತೆಳುವಾದ ಕಿಣ್ವ ಪ್ಲಾಸ್ಟಿಕ್ ಗೋಡೆಗೇ ಅಂಟಿಹೋಗುತ್ತದೆ. 37 ಡಿಗ್ರಿಯಲ್ಲಿಟ್ಟು ಅರ್ಧ, 1, 2, 5 ನಿಮಿಷಕ್ಕೆ ತೆಗೆದು, ಇಡಿಟಿಎ ಬೆರೆತ ಫಾರ್ಮಮೈಡ್‌ನಲ್ಲಿ ನಿಲ್ಲಿಸಿ, ಯೂರಿಯಾ ಬೆರೆತ ಶೇ 20ರ ಅಕ್ರಿಲಮೈಡ್ ಜೆಲ್‌ನಲ್ಲಿ ಓಡಿಸಿ.

15 ಬೇಸ್‌ಗಳ ಒಂದೇ ಚೊಕ್ಕ ಪಟ್ಟಿ ಬರಬೇಕು. ಅದರ ಕೆಳಗೆ ಏಣಿ ಮೆಟ್ಟಿಲಿನಂತೆ ಪಟ್ಟಿಗಳಿದ್ದರೆ ಎಕ್ಸೊನ್ಯೂಕ್ಲಿಯೇಸ್ 3 ತುದಿಯನ್ನು ಮೆಲ್ಲುತ್ತಿದೆ ಎಂದು ಶಂಕಿಸಿ. ಮೆಗ್ನೀಸಿಯಂ ತೆಗೆದು ಇಡಿಟಿಎ ಹಾಕಿದಾಗ ಎಪಿಇ1ರ ವೇಗ ಕುಸಿಯುತ್ತದೆ. ಕುಸಿಯದಿದ್ದರೆ ಎಂಡೊನ್ಯೂಕ್ಲಿಯೇಸ್ 4 ನುಸುಳಿದೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಡಿ210ಎನ್ ರೂಪಾಂತರಿ: 210ನೆಯ ಆಸ್ಪಾರ್ಟೇಟ್ ಬದಲಿಸಿದರೆ ಚಟುವಟಿಕೆ ಸಾವಿರಾರು ಪಟ್ಟು ಇಳಿಯುತ್ತದೆ. ಅದನ್ನೂ ಇದೇ ಕ್ರಮದಲ್ಲಿ ಶುದ್ಧಮಾಡಿ. ಆಗಲೂ ಎಳೆ ತುಂಡಾದರೆ ಅದು ಬ್ಯಾಕ್ಟೀರಿಯಾದ ಕೆಲಸ. ಆ ಎರಡು ಬ್ಯಾಕ್ಟೀರಿಯಾ ಕಿಣ್ವಗಳ ಜೀನ್‌ಗಳಾದ ಎಕ್ಸ್‌ಟಿಎಚ್ ಮತ್ತು ಎನ್ಎಫ್ಒಗಳನ್ನು ಅಳಿಸಿದ ತಳಿಯಲ್ಲಿ ಮತ್ತೆ ಬೆಳೆಸಬೇಕು. ರೂಪಾಂತರಿಗೆ ಹೊಸ ನಿಕಲ್ ರೆಸಿನ್ನನ್ನೇ ಬಳಸಿ. ಹಳೆಯದರಲ್ಲಿ ಉಳಿದ ಚೂರು ಅಸಲಿ ಎಪಿಇ1 ಸಾಕು, ಇಡೀ ಹೋಲಿಕೆ ಹಾಳಾಗಲು.

ಶುದ್ಧ ಪ್ರೋಟೀನನ್ನು ಶೇ 50 ಗ್ಲಿಸರಾಲ್, 1 ಮಿಲಿಮೋಲಾರ್ ಡಿಟಿಟಿಯೊಂದಿಗೆ ಸಣ್ಣ ಪಾಲುಗಳಾಗಿ ಮೈನಸ್ 20ರಲ್ಲಿಡಿ.