ರುಬೆಲ್ಲಾ ರಕ್ಷಣೆ ಅಳೆಯೂದು ಹೆಂಗ?

ರುಬೆಲ್ಲಾ ಅಂದ್ರ ಒಬ್ಬರಿಂದ ಒಬ್ಬರಿಗೆ ಹರಡೂ ವೈರಸ್ ರೋಗ. ಲಸಿಕೆ ಕಾರ್ಡ್ ನೋಡಿ ಊರಿಗೆಲ್ಲ ಅದರಿಂದ ರಕ್ಷಣೆ ಐತಿ ಅಂತ ಬರೀಬ್ಯಾಡ್ರಿ. ರಕ್ತ ಪರೀಕ್ಷೆ ಆಗಬೇಕು. ಗದಗ ಜಿಲ್ಲೆಯೊಳಗ ಸಮೀಕ್ಷೆ ಮಾಡೂದಾದ್ರ, ಜಿಲ್ಲೆ ಅಂದ್ರ ಬರೇ ಗದಗ ಪಟ್ಟಣದ ಜೋಡಿ ಊರು ಬೆಟಗೇರಿ ಅಲ್ಲ. ಮುಂಡರಗಿ, ರೋಣದ ಹಳ್ಳಿ-ತಾಂಡಾಗಳ ಹೆಸರೂ ಪರೀಕ್ಷೆಗೆ ಊರು ಆರಿಸಾಕ ಚೀಟಿ ಎತ್ತುವಾಗ ಇರಲಿ. ಸಾಲಿಯೊಳಗ ಸಿಕ್ಕ ಮಕ್ಕಳನ್ನಷ್ಟ ನೋಡಿದ್ರ, ದುಡಿಯಾಕ ಗೋವಾಕ್ಕ ಹೋದವರ ಮಕ್ಕಳು ಬಿಟ್ಟುಹೋಗ್ತಾರ. ಲಸಿಕೆ ತಪ್ಪಿರೂ ಸಾಧ್ಯತೆ ಅಂಥವರಿಗೇ ಹೆಚ್ಚು. ಅವರು ಹಬ್ಬಕ್ಕ ಬಂದಾಗ ಮತ್ತ ಮನೀಗೆ ಹೋಗ್ರಿ.

ಒಪ್ಪಿಗೆ ಪಡೆದು ರಕ್ತ ತಗೊಂಡು, ಹೆಪ್ಪುಗಟ್ಟಾಕ ಅರ್ಧ ತಾಸು ಬಿಡ್ರಿ. ಸೀರಮ್ (ಹೆಪ್ಪುಗಟ್ಟಿದ ಮ್ಯಾಲ ಉಳಿಯೂ ತಿಳಿ ದ್ರವ) ಬೇರೆ ಮಾಡೂಕಿಂತ ಮೊದಲು ಫ್ರೀಜರಿನ್ಯಾಗ ಇಟ್ರ ಕೆಂಪುಕಣ ಒಡೆದು ಮಾದರಿ ಕೆಡ್ತೈತಿ. ಎಲೈಸಾ ಅನ್ನೂ ಲ್ಯಾಬ್ ಪರೀಕ್ಷೆಯೊಳಗ ಐಜಿಜಿ (ರೋಗದ ವಿರುದ್ಧ ರಕ್ತದಾಗಿರೂ ಪ್ರತಿಕಾಯ) ಪ್ರತಿ ಎಂಎಲ್‌ಗೆ 10 ಐಯು (ಅಂತಾರಾಷ್ಟ್ರೀಯ ಘಟಕ) ಇಲ್ಲಾ ಹೆಚ್ಚಿದ್ರ ಸಾಮಾನ್ಯವಾಗಿ ರಕ್ಷಣೆ ಐತಿ ಅಂತ ಲೆಕ್ಕ. ಅದು ಲಸಿಕೆಯಿಂದ ಬಂತೋ, ರೋಗದಿಂದ ಬಂತೋ ಐಜಿಜಿ ಹೇಳೂದಿಲ್ಲ. ಅದಕ್ಕ ವಯಸ್ಸು ತಪ್ಪದ ಬರೀರಿ. 2017ರ ದಡಾರ-ರುಬೆಲ್ಲಾ ಲಸಿಕೆ ಅಭಿಯಾನದಾಗ ಲಸಿಕೆ ಸಿಕ್ಕಿದ್ದು 15 ವರ್ಷದೊಳಗಿನವರಿಗೆ. ಅವರಿಗಿಂತ ದೊಡ್ಡ ಹೆಣ್ಣುಮಕ್ಕಳ ಫಲಿತಾಂಶ ಬ್ಯಾರೆ ತೆಗೀರಿ: ಬಸುರಿದ್ದಾಗ ಸೋಂಕು ತಗುಲಿದ್ರ ಕೂಸಿನ ಕಣ್ಣು, ಕಿವಿ, ಹೃದಯಕ್ಕ ಪೆಟ್ಟು.